ಶೀಘ್ರವೂ ಕ್ಷೇಮವೂ

"ಶುಭಸ್ಯ ಶೀಘ್ರಮ್" ಎಂಬ ಮಾತೂ "ನಿಧಾನವೇ ಪ್ರಧಾನ" ಎಂಬ ಮಾತೂ ನಮ್ಮ ಮನೆಗಳಲ್ಲಿ ಒಂದೇ ಬಾಯಿಂದ ಹೊರಡುವುದನ್ನು ಎಲ್ಲರೂ ಕೇಳಿರುತ್ತಾರೆ. ಮದುವೆಯ ಮಾತು ಕುದುರಿದಾಗ ಮೊದಲನೆಯದನ್ನು ಹೇಳುವ ಹಿರಿಯರೇ ಮನೆ ಕಟ್ಟಲು ಹೊರಟಾಗ ಎರಡನೆಯದನ್ನು ಹೇಳುತ್ತಾರೆ. ಇವೆರಡೂ ಒಂದಕ್ಕೊಂದು ವಿರುದ್ಧವಲ್ಲವೆ ಎಂದು ಅವರನ್ನು ಯಾರೂ ಆಕ್ಷೇಪಿಸುವುದಿಲ್ಲ. ಎಲ್ಲಿ ಯಾವುದು ಸಲ್ಲುವುದೆಂಬುದನ್ನು ಲೋಕಾನುಭವವೇ ಕಲಿಸುತ್ತದೆಂಬ ನಂಬಿಕೆಯಿಂದ ಸುಮ್ಮನಿರುತ್ತೇವೆ. ಆದರೆ ಎರಡು ಮಾತುಗಳೂ ಒಂದೇ ಕಾಲದಲ್ಲಿ ಒಂದೇ ಕೆಲಸದ ಮೇಲೆ ಹಕ್ಕು ಹೂಡಿ ನಿಂತರೆ ಮಾಡುವುದೇನು? ಬೇಗ ಮಾಡದಿದ್ದರೂ ಕೇಡು, ಬೇಗ ಮಾಡಿದರೂ ಕೇಡು ಎಂಬಂಥ ಕೆಲಸದಲ್ಲಿ ಧರ್ಮವು ಯಾವ ಕಡೆಗಿದೆ? ಗಣಕಯಂತ್ರಗಳ ತಂತ್ರಾಂಶವನ್ನು ತಿದ್ದಿ ಜನರಿಗೆ ಮುಟ್ಟಿಸುವ ಕೆಲಸ ಇಂಥದು. ಇದು ಆ ಕಸುಬಿನವರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ತೋರಬಹುದು; ಸ್ವಲ್ಪ ವಿಚಾರಮಾಡಿದರೆ ಇದರೊಳಗೆ ಎಲ್ಲರಿಗೂ ತಟ್ಟುವ ನೀತಿಪ್ರಶ್ನೆಯೊಂದು ಅಡಗಿರುವುದು ಕಾಣುತ್ತದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ವಸ್ತುವಿನ ಸ್ವರೂಪವನ್ನು ನೋಡೋಣ. ಯಂತ್ರವು ಹೇಗೆ ನಡೆಯಬೇಕೆಂದು ವಿಧಿಸುವ ಆಜ್ಞೆಗಳ ಸಮುದಾಯಕ್ಕೆ ತಂತ್ರಾಂಶವೆಂದು ಹೆಸರು. ಮನುಷ್ಯನು ಮಾಡಿದ ಇತರ ವಸ್ತುಗಳಿಗೂ ಇದಕ್ಕೂ ಒಂದು ದೊಡ್ಡ ಭೇದವುಂಟು. ಬಡಗಿ ಮಾಡಿದ ಬಾಗಿಲು ಅವನ ಕೈಬಿಟ್ಟ ಮೇಲೆ ಮನೆಯವರದು. ಗ್ರಂಥಕರ್ತನು ಅಚ್ಚಿನ ತಪ್ಪೊಂದನ್ನು ಕಂಡರೆ ಎರಡನೆಯ ಮುದ್ರಣದವರೆಗೆ ಕಾಯಬೇಕು. ಕೊಂಡವರ ಕಪಾಟಿನಲ್ಲಿರುವ ಪ್ರತಿಯನ್ನು ಅವನು ಮುಟ್ಟಲಾರ. ತಂತ್ರಾಂಶವಾದರೋ ಮಾರಾಟವಾದ ಮೇಲೂ ಮಾಡಿದವನ ಕೈಯಲ್ಲಿಯೇ ಇರುತ್ತದೆ. ಅವನು ತನ್ನ ಊರಿನಲ್ಲಿ ಕುಳಿತು ಒಂದು ಅಕ್ಷರವನ್ನು ತಿದ್ದಿದರೆ ಆ ತಿದ್ದುಪಡಿಯು ಒಂದೇ ರಾತ್ರಿಯಲ್ಲಿ ಲಕ್ಷಾಂತರ ಮನೆಗಳ ಪ್ರತಿಗಳಲ್ಲಿ ಮೂಡಬಹುದು. ಇದಕ್ಕೇ ಅಪ್‌ಡೇಟ್ ಎನ್ನುತ್ತಾರೆ. ರಾತ್ರಿ ಮಲಗುವಾಗ ಒಂದು ರೀತಿಯಲ್ಲಿದ್ದ ಮೊಬೈಲು ಬೆಳಗ್ಗೆ ಏಳುವಾಗ ಬೇರೊಂದು ರೀತಿಯಲ್ಲಿರುವುದು ಇದರಿಂದಲೇ. ಇಷ್ಟು ಜನರ ಸ್ವತ್ತಿನೊಳಗೆ, ಇಷ್ಟು ಬೇಗ, ಇಷ್ಟು ಮೌನವಾಗಿ ಕೈಯಾಡಿಸುವ ಶಕ್ತಿಯು ಹಿಂದೆ ಯಾವ ಕಸುಬಿನವನಿಗೂ ಇರಲಿಲ್ಲ. ಶಕ್ತಿಯು ಹೊಸದಾದಾಗ ಅದಕ್ಕೆ ತಕ್ಕ ಧರ್ಮವನ್ನೂ ಹೊಸದಾಗಿ ಯೋಚಿಸಬೇಕಾಗುತ್ತದೆ.

ಈ ಶಕ್ತಿಯನ್ನು ಕಂಡು ಭಯಪಟ್ಟವರು ಹೇಳುವ ಮಾತು ಹೀಗೆ: "ಇದ್ದದ್ದು ಸರಿಯಾಗಿ ನಡೆಯುತ್ತಿರುವಾಗ ಅದನ್ನೇಕೆ ಮುಟ್ಟಬೇಕು? ಆರು ತಿಂಗಳು ಪರೀಕ್ಷಿಸಿ, ಎಲ್ಲ ಸಂದೇಹಗಳೂ ತೀರಿದ ಮೇಲೆ ಬಿಡುಗಡೆ ಮಾಡಿರಿ. ತಡವಾದರೆ ಯಾರಿಗೂ ನಷ್ಟವಿಲ್ಲ." ಮೇಲುನೋಟಕ್ಕೆ ಇದು ವಿವೇಕವಾಗಿಯೇ ಕಾಣುತ್ತದೆ. ಆದರೆ ತಡವಾದರೆ ನಷ್ಟವಿಲ್ಲವೆಂಬ ಕಡೆಯ ವಾಕ್ಯವು ನಿಲ್ಲುವುದಿಲ್ಲ. ೨೦೧೭ನೆಯ ಮಾರ್ಚಿ ೧೪ರಂದು ಮೈಕ್ರೋಸಾಫ್ಟ್ ಸಂಸ್ಥೆಯವರು ತಮ್ಮ ವಿಂಡೋಸ್ ತಂತ್ರಾಂಶದಲ್ಲಿದ್ದ ಒಂದು ಬಿರುಕನ್ನು ಮುಚ್ಚುವ ತಿದ್ದುಪಡಿಯನ್ನು ಹೊರಡಿಸಿದರು. ಆ ಬಿರುಕಿನಿಂದ ಒಳನುಗ್ಗುವ ಉಪಾಯವು ಏಪ್ರಿಲ್ ತಿಂಗಳಿನಲ್ಲಿ ಬಹಿರಂಗವಾಯಿತು. ಮೇ ೧೨ರಂದು ವಾನಾಕ್ರೈ ಎಂಬ ಪೀಡೆಯು ಅದೇ ಬಿರುಕಿನಿಂದ ಹೊಕ್ಕು, ಸುಮಾರು ೧೫೦ ದೇಶಗಳಲ್ಲಿ ಎರಡು ಲಕ್ಷಕ್ಕೂ ಮೇಲ್ಪಟ್ಟ ಯಂತ್ರಗಳ ಕಡತಗಳಿಗೆ ಬೀಗ ಜಡಿದು, ಬೀಗ ತೆರೆಯಲು ಹಣ ಕೊಡಬೇಕೆಂದು ಕೇಳಿತು. ಇಂಗ್ಲೆಂಡಿನಲ್ಲಿ ಸರ್ಕಾರದ ಆಸ್ಪತ್ರೆಗಳನ್ನು ನಡೆಸುವ ೨೩೬ ಮಂಡಲಿಗಳ ಪೈಕಿ ಕಡಮೆಯೆಂದರೆ ೮೧ ಇದರಿಂದ ಬಾಧಿತವಾದುವು. ರೋಗಿಗಳಿಗೆ ಗೊತ್ತುಮಾಡಿದ್ದ ಭೇಟಿಗಳಲ್ಲಿ ಹತ್ತೊಂಬತ್ತು ಸಾವಿರಕ್ಕಿಂತ ಹೆಚ್ಚು ರದ್ದಾದುವೆಂದು ಆ ದೇಶದ ಲೆಕ್ಕಪರಿಶೋಧನಾ ಕಚೇರಿಯವರು ಅಂದಾಜುಮಾಡಿದರು. ಐದು ಕಡೆಗಳಲ್ಲಿ ತುರ್ತು ಚಿಕಿತ್ಸೆಗೆಂದು ಬಂದವರು ಇನ್ನೂ ದೂರದ ಆಸ್ಪತ್ರೆಗೆ ಹೋಗಬೇಕಾಯಿತು. ಮದ್ದು ಸಿದ್ಧವಾಗಿ ಆಗಲೇ ೫೯ ದಿನಗಳು ಕಳೆದಿದ್ದುವು.

ಆ ಆಸ್ಪತ್ರೆಗಳವರು ಸೋಮಾರಿಗಳೆಂದು ಹಳಿಯುವುದು ಸುಲಭ, ನ್ಯಾಯವಲ್ಲ. ರೋಗಿಯ ದೇಹದ ಒಳಗನ್ನು ತೋರಿಸುವ ದೊಡ್ಡ ಯಂತ್ರಕ್ಕೆ ಜೋಡಿಸಿದ ಗಣಕವನ್ನು ತಿದ್ದುವುದೆಂದರೆ ಅಷ್ಟು ಹೊತ್ತು ಆ ಯಂತ್ರವನ್ನು ನಿಲ್ಲಿಸುವುದೆಂದು ಅರ್ಥ. ತಿದ್ದಿದ ಮೇಲೆ ಅದು ಮೊದಲಿನಂತೆ ನಡೆಯದೆ ಹೋದರೆ ಸಾಲಿನಲ್ಲಿ ಕುಳಿತವರಿಗೆ ಯಾರು ಉತ್ತರ ಹೇಳಬೇಕು? ಈ ಹಿಂಜರಿಕೆಗೆ ಕಾರಣವಿತ್ತು. ಹಾಗಿದ್ದರೂ ಅದು ನಿರಪರಾಧವಾಗಲಿಲ್ಲ. ಬಿರುಕನ್ನು ಮುಚ್ಚುವ ತಿದ್ದುಪಡಿಯು ಪ್ರಕಟವಾದ ದಿನವೇ ಬಿರುಕು ಎಲ್ಲಿದೆಯೆಂಬುದೂ ಪ್ರಕಟವಾದಂತೆ. ಆ ದಿನದಿಂದ ನಾವು ಕಾಯುವ ಒಂದೊಂದು ದಿನವೂ ಕಳ್ಳನ ಲೆಕ್ಕಕ್ಕೆ ಜಮೆಯಾಗುತ್ತದೆ. ಅದೂ ಅಲ್ಲದೆ ಇಂಥ ಪೀಡೆಯು ಒಂದು ಯಂತ್ರದಿಂದ ಮತ್ತೊಂದಕ್ಕೆ ಹರಡುವಂಥದು. ನನ್ನ ಬಾಗಿಲು ತೆರೆದಿದ್ದರೆ ನೆರೆಮನೆಗೂ ಅಪಾಯ. ಏನನ್ನೂ ಮಾಡದೆ ಕುಳಿತಿರುವುದೂ ಒಂದು ಕೃತ್ಯವೇ ಎಂಬುದನ್ನು ಧರ್ಮಜ್ಞರು ಬಹಳ ಹಿಂದೆಯೇ ಕಂಡಿದ್ದಾರೆ. ತಂತ್ರಾಂಶದ ವಿಷಯದಲ್ಲಿ ಅದರ ಫಲವು ವಾರಗಳೊಳಗೆ ಕೈಗೆ ಬರುತ್ತದೆ.

ಹಾಗಾದರೆ ಶೀಘ್ರದ ಪಕ್ಷವೇ ಗೆದ್ದಿತೆ? ಅದಕ್ಕೂ ಒಂದು ಕಥೆಯುಂಟು. ೨೦೨೪ನೆಯ ಜುಲೈ ೧೯, ಶುಕ್ರವಾರ, ನಮ್ಮ ದೇಶದ ಗಡಿಯಾರದಲ್ಲಿ ಬೆಳಗ್ಗೆ ೯ ಗಂಟೆ ೩೯ ನಿಮಿಷಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಸಂಸ್ಥೆಯು ತನ್ನ ಗಿರಾಕಿಗಳ ಯಂತ್ರಗಳಿಗೆ ಒಂದು ಚಿಕ್ಕ ಕಡತವನ್ನು ಕಳುಹಿಸಿತು. ಈ ಸಂಸ್ಥೆಯ ಕೆಲಸವೇ ಕಳ್ಳರಿಂದ ಯಂತ್ರಗಳನ್ನು ಕಾಯುವುದು. ಕಳ್ಳರ ಹೊಸ ಹೊಸ ಉಪಾಯಗಳನ್ನು ಕಾವಲಿನ ತಂತ್ರಾಂಶಕ್ಕೆ ಆಗಾಗ ತಿಳಿಸುವುದು ಅದರ ದಿನಚರಿ. ಆ ಕಡತದಲ್ಲಿ ದೋಷವಿತ್ತು. ಅದನ್ನು ಓದಿದ ಯಂತ್ರಗಳು ನೀಲಿ ತೆರೆಯನ್ನು ತೋರಿಸಿ ಕುಸಿದುಬಿದ್ದುವು. ೭೮ ನಿಮಿಷಗಳೊಳಗಾಗಿ ಸಂಸ್ಥೆಯವರು ಕಡತವನ್ನು ಹಿಂತೆಗೆದುಕೊಂಡರು. ಅಷ್ಟರಲ್ಲಿ ಮೈಕ್ರೋಸಾಫ್ಟಿನವರ ಅಂದಾಜಿನಂತೆ ೮೫ ಲಕ್ಷ ಯಂತ್ರಗಳು ಕೆಟ್ಟಿದ್ದುವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರು ಸಾಲಿನಲ್ಲಿ ನಿಂತರು. ದೇಶದ ಕೆಲವು ನಿಲ್ದಾಣಗಳಲ್ಲಿ ವಿಮಾನ ಹತ್ತುವ ಚೀಟಿಗಳನ್ನು ಕೈಯಲ್ಲಿ ಬರೆದುಕೊಟ್ಟರು. ಅಮೆರಿಕದ ಬಾಸ್ಟನ್ ನಗರದ ದೊಡ್ಡ ಆಸ್ಪತ್ರೆಗಳು ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನು ಆ ದಿನ ನಿಲ್ಲಿಸಿದುವು. ವಾನಾಕ್ರೈ ಬಂದಾಗ ತಿದ್ದುಪಡಿ ಬಾರದುದರಿಂದ ರೋಗಿಗಳು ಹಿಂದಿರುಗಿದರು; ಏಳು ವರ್ಷಗಳ ತರುವಾಯ ತಿದ್ದುಪಡಿ ಬಂದುದರಿಂದಲೇ ಹಿಂದಿರುಗಿದರು.

ಈ ಎರಡು ಕಥೆಗಳನ್ನು ಒಟ್ಟಿಗೆ ಕೇಳಿದವರು ಮಧ್ಯಮ ಮಾರ್ಗವೊಂದನ್ನು ಸೂಚಿಸುತ್ತಾರೆ: ಅತಿ ಬೇಗವೂ ಬೇಡ, ಅತಿ ತಡವೂ ಬೇಡ, ಮಿತವಾದ ವೇಗವಿರಲಿ. ಆದರೆ ಮಿತವಾದ ವೇಗದಿಂದ ಎರಡು ದೋಷಗಳೂ ಅರ್ಧರ್ಧ ಉಳಿಯುತ್ತವೆ, ಒಂದೂ ಹೋಗುವುದಿಲ್ಲ. ೫೯ ದಿನಗಳ ಬದಲು ೩೦ ದಿನಗಳಿಗೆ ತಿದ್ದಿದರೂ ಕಳ್ಳನಿಗೆ ೩೦ ದಿನಗಳು ಸಿಕ್ಕುತ್ತವೆ. ದೋಷವುಳ್ಳ ಕಡತವನ್ನು ಒಂದು ವಾರ ಇಟ್ಟುಕೊಂಡಿದ್ದು ಆಮೇಲೆ ಒಂದೇ ಸಲಕ್ಕೆ ಎಲ್ಲರಿಗೂ ಕಳುಹಿಸಿದರೆ ಅದು ಒಂದು ವಾರದ ಮೇಲೆ ಎಲ್ಲರನ್ನೂ ಕೆಡಿಸುತ್ತದೆ. ಆದುದರಿಂದ ಪ್ರಶ್ನೆಯನ್ನು ಕೇಳಿದ ರೀತಿಯೇ ಸರಿಯಿಲ್ಲವೆಂದು ತೋರುತ್ತದೆ. ಎಷ್ಟು ಬೇಗ ಎಂದು ಕೇಳುವುದಕ್ಕೆ ಮುಂಚೆ ಒಂದು ಸಲಕ್ಕೆ ಎಷ್ಟು, ಮೊದಲು ಯಾರಿಗೆ, ಹಿಂದಿರುಗುವ ದಾರಿಯುಂಟೆ, ಎಂಬ ಮೂರನ್ನು ಕೇಳಬೇಕು.

ಒಂದು ಸಲಕ್ಕೆ ಎಷ್ಟು ಎಂಬುದನ್ನು ನೋಡೋಣ. ಹುಲ್ಲಿನ ದೊಡ್ಡ ಹೊರೆಯಲ್ಲಿ ಹಾವು ಸೇರಿಕೊಂಡಿದ್ದರೆ ಮನೆಗೆ ಬರುವ ತನಕ ತಿಳಿಯುವುದಿಲ್ಲ. ಹಿಡಿಹಿಡಿಯಾಗಿ ತಂದರೆ ಕೂಡಲೆ ಕಣ್ಣಿಗೆ ಬೀಳುತ್ತದೆ. ಆರು ತಿಂಗಳ ತಿದ್ದುಪಡಿಗಳನ್ನು ಕಟ್ಟಿ ಒಂದೇ ಹೊರೆಯಾಗಿ ಬಿಡುಗಡೆ ಮಾಡಿದಾಗ ಏನಾದರೂ ಕೆಟ್ಟರೆ, ಸಾವಿರ ಬದಲಾವಣೆಗಳಲ್ಲಿ ಕೆಡಿಸಿದ್ದು ಯಾವುದೆಂದು ಹುಡುಕುವುದರಲ್ಲೇ ದಿನಗಳು ಕಳೆಯುತ್ತವೆ. ಒಂದೇ ಬದಲಾವಣೆಯನ್ನು ಕಳುಹಿಸಿದ್ದರೆ ಅಪರಾಧಿಯು ಎದುರಿಗೇ ನಿಂತಿರುತ್ತಾನೆ. ೨೦೦೯ರಲ್ಲಿ ಫ್ಲಿಕರ್ ಎಂಬ ಚಿತ್ರಶಾಲೆಯ ಕೆಲಸಗಾರರಾದ ಜಾನ್ ಆಲ್‌ಸ್ಪಾ, ಪಾಲ್ ಹ್ಯಾಮಂಡ್ ಎಂಬಿಬ್ಬರು ತಾವು ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸಲ ತಿದ್ದುಪಡಿಗಳನ್ನು ಬಿಡುಗಡೆ ಮಾಡುತ್ತಿರುವುದಾಗಿ ಒಂದು ಸಭೆಯಲ್ಲಿ ಹೇಳಿದಾಗ ಕೇಳಿದವರಲ್ಲಿ ಅನೇಕರಿಗೆ ಅದು ಹುಚ್ಚು ಸಾಹಸವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ನಿಕೋಲ್ ಫೋರ್ಸ್‌ಗ್ರೆನ್ ಮತ್ತು ಅವರ ಸಹಕಾರಿಗಳು ಅನೇಕ ಸಂಸ್ಥೆಗಳನ್ನು ವರ್ಷಗಟ್ಟಲೆ ವಿಚಾರಿಸಿ ೨೦೧೮ರಲ್ಲಿ ಪ್ರಕಟಿಸಿದ 'ಆಕ್ಸಿಲರೇಟ್' ಎಂಬ ಗ್ರಂಥದಲ್ಲಿ, ಹೆಚ್ಚು ಸಲ ಬಿಡುಗಡೆ ಮಾಡುವವರಲ್ಲಿಯೇ ಕೆಡುವ ಪ್ರಮಾಣವು ಕಡಮೆ, ಕೆಟ್ಟಾಗ ಚೇತರಿಸಿಕೊಳ್ಳುವುದೂ ಬೇಗ, ಎಂದು ಕಂಡುಬಂದಿದೆ. ಶೀಘ್ರವೂ ಕ್ಷೇಮವೂ ಹುಟ್ಟುಹಗೆಗಳೆಂಬ ನಂಬಿಕೆಗೆ ಇದು ಸಮಾಧಾನ. ಕೆಲಸವು ಸಣ್ಣದಾದರೆ ಅವೆರಡೂ ಜೊತೆಯಾಗಿ ನಡೆಯಬಲ್ಲುವು.

ಎರಡನೆಯದು, ಮೊದಲು ಯಾರಿಗೆ ಎಂಬುದು. ನಮ್ಮ ಶಾಸ್ತ್ರಕಾರರ ಸ್ಥಾಲೀಪುಲಾಕ ನ್ಯಾಯವು ವಾಚಕರಿಗೆ ಗೊತ್ತೇ ಇದೆ. ಗಡಿಗೆಯ ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ತಂತ್ರಾಂಶದವರೂ ಈಗ ಇದನ್ನೇ ಮಾಡುತ್ತಾರೆ: ಹೊಸ ತಿದ್ದುಪಡಿಯನ್ನು ನೂರರಲ್ಲಿ ಒಬ್ಬರಿಗೆ ಕಳುಹಿಸಿ, ಕಾದು, ಕೇಡಿಲ್ಲದಿದ್ದರೆ ಹತ್ತು ಜನರಿಗೆ, ಆಮೇಲೆ ಉಳಿದವರಿಗೆ ಕಳುಹಿಸುತ್ತಾರೆ. ಕ್ರೌಡ್‌ಸ್ಟ್ರೈಕ್ ಸಂಸ್ಥೆಯು ಆ ದಿನ ಕೈಬಿಟ್ಟಿದ್ದ ಕ್ರಮವಿದು. ದೋಷವು ನಿಮಿಷಗಳೊಳಗೆ ಹೊರಬೀಳುವಂಥದಾಗಿತ್ತು. ಮೊದಲು ಒಂದು ಸಾವಿರ ಯಂತ್ರಗಳಿಗೆ ಕೊಟ್ಟು ಒಂದು ಗಂಟೆ ಕಾದಿದ್ದರೆ ಉಳಿದ ಲಕ್ಷಗಳು ಉಳಿಯುತ್ತಿದ್ದುವು. ಕಳ್ಳನು ಕಾಯುವುದಿಲ್ಲವೆಂಬ ಆತುರಕ್ಕೂ ಒಂದು ಗಂಟೆಯು ಹೆಚ್ಚಿನ ಬೆಲೆಯಾಗಿರಲಿಲ್ಲ.

ಈ ನ್ಯಾಯಕ್ಕೂ ಒಂದು ಮಿತಿಯುಂಟೆಂಬುದನ್ನು ಮರೆಯಬಾರದು. ಒಂದು ಅಗುಳು ಸಾಕ್ಷಿಯಾಗುವುದು ಎಲ್ಲ ಅಗುಳುಗಳೂ ಒಂದೇ ಅಕ್ಕಿಯವಾಗಿ ಒಂದೇ ಉರಿಯಲ್ಲಿ ಬೆಂದಿದ್ದರೆ ಮಾತ್ರ. ಕ್ರೌಡ್‌ಸ್ಟ್ರೈಕ್‌ನವರು ತರುವಾಯ ಪ್ರಕಟಿಸಿದ ವಿವರಣೆಯು ಇದಕ್ಕೆ ಒಳ್ಳೆಯ ದೃಷ್ಟಾಂತ. ಕಾವಲಿನ ನಿಯಮಗಳನ್ನು ಬರೆಯಲು ಅವರು ಮಾಡಿದ್ದ ನಮೂನೆಯಲ್ಲಿ ೨೧ ಕಲಮುಗಳಿದ್ದುವು. ಯಂತ್ರದೊಳಗಿನ ತಂತ್ರಾಂಶವು ೨೦ಕ್ಕೆ ಮಾತ್ರ ವಿವರಗಳನ್ನು ಒದಗಿಸುತ್ತಿತ್ತು. ಮಾರ್ಚಿಯ ಪರೀಕ್ಷೆಯಲ್ಲಾಗಲಿ ಏಪ್ರಿಲ್ ತಿಂಗಳ ಬಿಡುಗಡೆಗಳಲ್ಲಾಗಲಿ ೨೧ನೆಯ ಕಲಮಿನಲ್ಲಿ "ಏನಿದ್ದರೂ ಸರಿ" ಎಂಬ ಗುರುತೇ ಇದ್ದುದರಿಂದ ಅದರೊಳಗನ್ನು ಯಾರೂ ಇಣುಕಲಿಲ್ಲ. ಜುಲೈ ೧೯ರ ನಿಯಮವು ಮೊದಲ ಬಾರಿಗೆ ಇಣುಕಿತು. ಅಲ್ಲಿ ಏನೂ ಇರಲಿಲ್ಲ. ನಾಲ್ಕು ತಿಂಗಳಿಂದ ಕೆಡದೆ ಇದ್ದದ್ದು ಇಂದೂ ಕೆಡದೆಂಬ ವಿಶ್ವಾಸವು ಪರೀಕ್ಷೆಯ ಸ್ಥಾನದಲ್ಲಿ ಕುಳಿತಿತ್ತು. ಹಿಂದಿನ ಜಯವು ಸಾಕ್ಷಿಯಾಗಬಹುದು, ಪ್ರಮಾಣವಾಗಲಾರದು.

ಮೂರನೆಯದು, ಹಿಂದಿರುಗುವ ದಾರಿ. ಕಡತವನ್ನು ೭೮ ನಿಮಿಷಗಳಲ್ಲಿ ಹಿಂತೆಗೆದುಕೊಂಡರೂ ಆಗಲೇ ಕುಸಿದ ಯಂತ್ರಗಳಿಗೆ ಆ ಮದ್ದು ತಲುಪಲಿಲ್ಲ. ಮದ್ದು ಹೋಗಬೇಕಾದ ದಾರಿಯನ್ನೇ ರೋಗವು ಮುಚ್ಚಿತ್ತು. ಅವುಗಳಲ್ಲಿ ಬಹುಪಾಲಿನ ಬಳಿಗೆ ಮನುಷ್ಯರೇ ಹೋಗಿ ಕೈಯಿಂದ ಆ ಕಡತವನ್ನು ಅಳಿಸಬೇಕಾಯಿತು. ಇನ್ನೊಂದು ನಿದರ್ಶನ: ೨೦೧೨ನೆಯ ಆಗಸ್ಟ್ ೧ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರುವ್ಯಾಪಾರದ ಸಂಸ್ಥೆಯು ತನ್ನ ಎಂಟು ಸರ್ವರ್‌ಗಳಲ್ಲಿ ಹೊಸ ತಂತ್ರಾಂಶವನ್ನು ನಡೆಸಹೊರಟಿತು. ಏಳರಲ್ಲಿ ಅದನ್ನು ಹಾಕಿದ್ದರು, ಎಂಟನೆಯದನ್ನು ಮರೆತಿದ್ದರು. ಅಲ್ಲಿ ಉಳಿದಿದ್ದ, ಬಹಳ ಕಾಲದಿಂದ ಉಪಯೋಗದಲ್ಲಿಲ್ಲದ ಹಳೆಯ ಆಜ್ಞೆಗಳು ಎಚ್ಚತ್ತು ಷೇರುಗಳನ್ನು ಮಿತಿಯಿಲ್ಲದೆ ಕೊಳ್ಳುತ್ತ ಮಾರುತ್ತ ಹೋದುವು. ಗಾಬರಿಯಿಂದ ಕೆಲಸಗಾರರು ಸರಿಯಾಗಿದ್ದ ಏಳರಿಂದಲೇ ಹೊಸದನ್ನು ತೆಗೆದುಹಾಕಿದರು; ಕೇಡು ಎಂಟಕ್ಕೂ ಹಬ್ಬಿತು. ಸುಮಾರು ೪೫ ನಿಮಿಷಗಳಲ್ಲಿ ಸಂಸ್ಥೆಗೆ ನಲವತ್ತು ಕೋಟಿ ಡಾಲರುಗಳಿಗೂ ಮೀರಿದ ನಷ್ಟವಾಯಿತು. ಪೇಟೆ ತೆರೆಯುವುದಕ್ಕೆ ಮುಂಚೆಯೇ ಯಂತ್ರವು ತಾನಾಗಿ ೯೭ ಎಚ್ಚರಿಕೆಯ ಪತ್ರಗಳನ್ನು ಸಿಬ್ಬಂದಿಗೆ ಕಳುಹಿಸಿತ್ತು. ಅವನ್ನು ನೋಡಿ ಕ್ರಮ ಕೈಕೊಂಡವರಿಲ್ಲ. ದಾರಿಯಿದ್ದರೆ ಸಾಲದು, ಕತ್ತಲಲ್ಲಿಯೂ ಅದರಲ್ಲಿ ನಡೆದು ಅಭ್ಯಾಸವಿರಬೇಕು. ಕೂಗು ಬಂದಾಗ ಓಗೊಡುವವರೂ ಇರಬೇಕು.

ಇಷ್ಟರವರೆಗೆ ಹೇಳಿದ್ದು ಕೌಶಲದ ಮಾತು. ನೀತಿಯ ಮಾತು ಈಗ ಬರುತ್ತದೆ. ಎಲ್ಲರಿಗಿಂತ ಮುಂಚೆ ಕೆಲವರಿಗೆ ಎಂದಾಗ ಆ ಕೆಲವರು ಯಾರು? ಗಡಿಗೆಯಿಂದ ತೆಗೆದು ಹಿಸುಕಿದ ಅಗುಳು ಮತ್ತೆ ಗಡಿಗೆಗೆ ಸೇರುವುದಿಲ್ಲ. ಅಗುಳಿಗೆ ನೋವಿಲ್ಲ, ಮನುಷ್ಯನಿಗೆ ಇದೆ. ಈ ಕ್ರಮಕ್ಕೆ ತಂತ್ರಾಂಶದವರು ಇಟ್ಟಿರುವ ಹೆಸರೇ ಇದನ್ನು ಜ್ಞಾಪಿಸುತ್ತದೆ. ಅವರು ಇದನ್ನು ಕ್ಯಾನರಿ ಬಿಡುಗಡೆ ಎನ್ನುತ್ತಾರೆ. ಕ್ಯಾನರಿಯೆಂಬುದು ಒಂದು ಪುಟ್ಟ ಹಾಡುಹಕ್ಕಿ. ಕಲ್ಲಿದ್ದಲ ಗಣಿಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯು ಸೇರಿಕೊಂಡಾಗ ಮನುಷ್ಯನಿಗಿಂತ ಮುಂಚೆ ಈ ಹಕ್ಕಿಯು ಒರಗುತ್ತದೆ. ಅದನ್ನು ಕಂಡು ಗಣಿಯವರು ಹೊರಗೆ ಓಡುತ್ತಿದ್ದರು. ಬ್ರಿಟನ್ನಿನ ಗಣಿಗಳಲ್ಲಿ ಈ ಪದ್ಧತಿಯು ೧೯೮೬ರವರೆಗೂ ಇತ್ತು. ಹಕ್ಕಿಯು ಇದಕ್ಕೆ ಒಪ್ಪಿರಲಿಲ್ಲ. ಇಂದು ನೂರರಲ್ಲಿ ಒಬ್ಬರಾಗಿ ಆರಿಸಲ್ಪಟ್ಟವರೂ ಒಪ್ಪಿರುವುದಿಲ್ಲ. ತಾವು ಆರಿಸಲ್ಪಟ್ಟಿದ್ದೇವೆಂಬುದೂ ಅವರಿಗೆ ಬಹುಮಟ್ಟಿಗೆ ತಿಳಿದಿರುವುದಿಲ್ಲ.

ಯಾರಾದರೂ ಒಬ್ಬರು ಮೊದಲಿಗರಾಗಲೇಬೇಕು, ಇದರಲ್ಲಿ ಅನ್ಯಾಯವೇನು ಎಂದು ಕೆಲವರು ಶಂಕಿಸಬಹುದು. ಮೊದಲಿಗರು ಬೇಕೆಂಬುದು ನಿಜ. ಅನ್ಯಾಯವು ಸರದಿಯಲ್ಲಿದೆ. ಈ ಹಕ್ಕಿಯನ್ನು ಗಣಿಗೆ ಒಯ್ಯಿರೆಂದು ಸಲಹೆ ಕೊಟ್ಟವನು ಸ್ಕಾಟ್ಲೆಂಡಿನ ಶರೀರಶಾಸ್ತ್ರಜ್ಞನಾದ ಜಾನ್ ಸ್ಕಾಟ್ ಹಾಲ್ಡೇನ್. ೧೮೯೦ರ ದಶಕದಲ್ಲಿ ಅವನು ಆ ವಿಷವಾಯುವನ್ನು ತಾನೇ ಉಸಿರಾಡಿ, ದೇಹಕ್ಕೆ ಆಗುವುದೇನೆಂಬುದನ್ನು ಗುರುತುಹಾಕಿಕೊಂಡಿದ್ದನು. ಹಕ್ಕಿಯ ಸರದಿಯು ಬಂದುದು ಅವನ ಸರದಿಯ ಮೇಲೆ. ತಿದ್ದುಪಡಿಯನ್ನು ಹೊರಡಿಸುವವನ ಮೊದಲನೆಯ ಧರ್ಮವು ಇಲ್ಲಿ ಸ್ಪಷ್ಟವಾಗುತ್ತದೆ: ತನ್ನ ಕಚೇರಿಯ ಯಂತ್ರಗಳು, ತನ್ನ ಜೇಬಿನ ಮೊಬೈಲು, ತನ್ನ ಸಂಬಳದ ಲೆಕ್ಕ ಇವೇ ಮೊದಲು ಅಪಾಯಕ್ಕೆ ಒಡ್ಡಲ್ಪಡಬೇಕು. ಆಮೇಲೆ ತಿಳಿದೂ ತಿಳಿದು ಮುಂದೆ ಬಂದವರು. ಅಂಥವರು ಎಲ್ಲ ಕಡೆಯಲ್ಲಿಯೂ ದೊರೆಯುತ್ತಾರೆ, ಹೊಸದನ್ನು ನೋಡುವ ಆಸೆ ಅವರಿಗೆ ಇರುತ್ತದೆ. ಆಮೇಲೆ ಕೆಟ್ಟರೆ ತಾಳಿಕೊಳ್ಳಬಲ್ಲವರು. ಆಸ್ಪತ್ರೆ, ರೈಲು, ವಿದ್ಯುತ್ತು ಮೊದಲಾದುವುಗಳ ಯಂತ್ರಗಳು ಮೊದಲ ಸಾಲಿನಲ್ಲಿ ನಿಲ್ಲಕೂಡದು. ಆದರೆ ಕಳ್ಳನ ಬಿರುಕನ್ನು ಮುಚ್ಚುವ ತಿದ್ದುಪಡಿಯಾದರೆ ಕಡೆಯ ಸಾಲಿಗೂ ತಳ್ಳಲ್ಪಡಕೂಡದು. ಸಾಲುಗಳ ನಡುವಣ ಅಂತರವನ್ನು ಗಂಟೆಗಳಲ್ಲಿ ಎಣಿಸುವಂತೆ ಕೆಲಸವನ್ನು ಅಣಿಗೊಳಿಸಿದ್ದರೆ ಮಾತ್ರ ಇವೆರಡೂ ಒಟ್ಟಿಗೆ ಸಾಧ್ಯ. ಶೀಘ್ರತೆಯು ಇಲ್ಲಿ ಕ್ಷೇಮದ ಸೇವಕ.

ಇನ್ನು ಒಪ್ಪಿಗೆಯ ವಿಚಾರ. ಕ್ರೌಡ್‌ಸ್ಟ್ರೈಕ್‌ನ ಗಿರಾಕಿಗಳಲ್ಲಿ ಎಚ್ಚರಿಕೆಯುಳ್ಳವರು ಹೊಸ ಆವೃತ್ತಿಯನ್ನು ಕೂಡಲೆ ತೆಗೆದುಕೊಳ್ಳದೆ ಒಂದು ಹೆಜ್ಜೆ ಹಿಂದೆ ಇರುವ ಏರ್ಪಾಟನ್ನು ಆರಿಸಿಕೊಂಡಿದ್ದರು. ಆ ಆಯ್ಕೆಯು ದೊಡ್ಡ ತಂತ್ರಾಂಶಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಚಿಕ್ಕ ಕಡತವು ಅವರನ್ನು ಕೇಳದೆಯೇ ಒಳಗೆ ಬಂತು. ಬಾಗಿಲಿಗೆ ಅಗಳಿ ಹಾಕಿಕೊಂಡವನ ಮನೆಗೆ ಹಿತ್ತಲಿನಿಂದ ಬಂದಂತಾಯಿತು. ಆ ಘಟನೆಯಾದ ಮೇಲೆ ಸಂಸ್ಥೆಯವರು ಇಂಥ ಕಡತಗಳನ್ನೂ ಹಂತಹಂತವಾಗಿ ಕಳುಹಿಸುವುದಾಗಿಯೂ ಯಾವಾಗ ತೆಗೆದುಕೊಳ್ಳಬೇಕೆಂಬ ಅಧಿಕಾರವನ್ನು ಗಿರಾಕಿಗೆ ಕೊಡುವುದಾಗಿಯೂ ತಿಳಿಸಿದರು. ಇದು ಯುಕ್ತವಾದದ್ದೇ. ಆದರೆ ಅಧಿಕಾರದ ಜೊತೆಗೆ ಭಾರವೂ ಗಿರಾಕಿಯ ಮೇಲೆ ಬೀಳುತ್ತದೆ. ತಿದ್ದುಪಡಿಯ ಸೂಚನೆ ಬಂದಾಗಲೆಲ್ಲ "ಆಮೇಲೆ" ಎಂಬುದನ್ನು ಒತ್ತುತ್ತ ತಿಂಗಳುಗಳನ್ನು ಕಳೆಯುವ ನಮ್ಮಂಥ ಗೃಹಸ್ಥರೂ ಆ ೫೯ ದಿನಗಳ ಕಥೆಯಲ್ಲಿ ಪಾತ್ರಧಾರಿಗಳು. ಪರೀಕ್ಷಿಸುವುದಕ್ಕಾಗಿ ಒಂದೆರಡು ದಿನ ಕಾಯುವುದು ವಿವೇಕ. ಯೋಚಿಸುವ ಶ್ರಮವನ್ನು ತಪ್ಪಿಸಿಕೊಳ್ಳಲು ಕಾಯುವುದು ಬರಿಯ ಜಾಡ್ಯ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಬಗೆಯಾಗಿ ಕಾಣುವುದರಿಂದ ಮನಸ್ಸು ತನ್ನನ್ನು ತಾನು ಸುಲಭವಾಗಿ ವಂಚಿಸಿಕೊಳ್ಳುತ್ತದೆ.

ಇದಿಷ್ಟನ್ನೂ ಆಚರಿಸಿದರೆ ಕೇಡೇ ಸಂಭವಿಸದೆಂದು ಹೇಳಲು ಬಾರದು. ಮನುಷ್ಯನು ಬರೆದದ್ದರಲ್ಲಿ ತಪ್ಪು ಇದ್ದೇ ಇರುತ್ತದೆ. ತಪ್ಪಿಲ್ಲದಂತೆ ಬರೆಯುವೆನೆಂದು ಪ್ರತಿಜ್ಞೆ ಮಾಡುವವನಿಗಿಂತ, ತಪ್ಪು ಸಣ್ಣದಾಗಿರುವಂತೆ, ಬೇಗ ತಿಳಿಯುವಂತೆ, ತಿದ್ದಲು ಬರುವಂತೆ ಏರ್ಪಡಿಸುವವನು ಹೆಚ್ಚು ನಂಬಿಕೆಗೆ ಅರ್ಹನು. ತಿದ್ದುವ ಶಕ್ತಿಯುಳ್ಳವನು ತಡಮಾಡಿದರೆ ತನ್ನನ್ನು ನಂಬಿದವರನ್ನು ಕಳ್ಳರಿಗೆ ಒಪ್ಪಿಸಿದಂತೆ. ಕಣ್ಣುಮುಚ್ಚಿ ಓಡಿದರೆ ಅವರನ್ನು ತಾನೇ ಕೆಡವಿದಂತೆ. ಇವೆರಡರ ನಡುವೆ ಅವನಿಗೆ ಉಳಿದಿರುವುದು ಕಷ್ಟದ ದಾರಿ. ಬೇಗ ಬೇಗನೆ ಇಡತಕ್ಕ ಸಣ್ಣ ಹೆಜ್ಜೆಗಳ ದಾರಿ. ಆ ದಾರಿಯಲ್ಲಿ ಮೊದಲ ಹೆಜ್ಜೆಯ ಕೆಳಗೆ ಸಿಕ್ಕುವುದು ಅವನ ಸ್ವಂತ ನೆಲವಾಗಿರಬೇಕು. ಪರರ ಮೇಲೆ ಪ್ರಯೋಗಿಸುವುದನ್ನು ತನ್ನ ಮೇಲೆ ಮೊದಲು ಪ್ರಯೋಗಿಸಿಕೊಳ್ಳಲು ಹಿಂಜರಿಯುವವನು, ಅದನ್ನು ಪರರಿಗೆ ಕಳುಹಿಸಲೂ ಅರ್ಹನಲ್ಲ.